ಪುಟ್ಟಮಾದಯ್ಯನ ಸರದಿ

ಕಪಿಲೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಪೂಜೆಗಿಂತ ಪಾಠ ಹೆಚ್ಚು, ಪಾಠಕ್ಕಿಂತ ಕೆಲಸ ಹೆಚ್ಚು.

ಮನೆಮನೆಗೆ ಕಂಪ್ಯೂಟರ್ ಬಂದಿರದ ಕಾಲ ಅದು. ಯಾವುದೋ ಕಾಲೇಜು ಬೇಡವೆಂದು ಮೂಲೆಗೆ ಹಾಕಿದ್ದ ಯಂತ್ರವೊಂದನ್ನು ಗುರು ಮರಿಸ್ವಾಮಯ್ಯನವರು ಲಾರಿಯಲ್ಲಿ ತರಿಸಿದ್ದರು. ಬೀರುವಿನಷ್ಟು ದೊಡ್ಡ ಯಂತ್ರ, ಒಂದೇ ಒಂದು. ಅದರಿಂದ ಹೊರಟ ತಂತಿಗಳ ತುದಿಯಲ್ಲಿ ಹನ್ನೆರಡು ಟರ್ಮಿನಲ್‌ಗಳು, ಅಂದರೆ ಹನ್ನೆರಡು ಪರದೆ, ಹನ್ನೆರಡು ಕೀಬೋರ್ಡು. ಸುತ್ತಲಿನ ಊರಿನವರು ಯಾರು ಬೇಕಾದರೂ ಬಂದು ಕೂರಬಹುದಿತ್ತು.

ಶಿಷ್ಯ ಇಂದುಧರನಿಗೆ ಬುದ್ಧಿ ಬೆಟ್ಟದಷ್ಟು, ತಾಳ್ಮೆ ಸಾಸಿವೆಯಷ್ಟು. ಬಂದ ಹೊಸತರಲ್ಲೇ ಅವನು ಕೇಳಿದ್ದ.

"ಗುರುಗಳೇ, ಯಂತ್ರ ಒಂದೇ. ಕೂತಿರೋರು ಹನ್ನೆರಡು ಜನ. ಒಬ್ಬೊಬ್ಬರೂ ಇದು ನನ್ನೊಬ್ಬನದೇ ಅನ್ನೋ ಹಾಗೆ ಕೆಲಸ ಮಾಡ್ತಿದ್ದಾರಲ್ಲ, ಹೇಗೆ?"

ಗುರುಗಳು ಅವನ ಕೈಗೆ ಅನ್ನದ ಪಾತ್ರೆ ಕೊಟ್ಟು, ಪಂಕ್ತಿಗೆ ಬಡಿಸಲು ಕಳಿಸಿದರು.

ಬಡಿಸಿ ಬಂದವನನ್ನು ಕೇಳಿದರು, "ಎಷ್ಟು ಜನ ಕೂತಿದ್ರು?"

"ಇಪ್ಪತ್ತು."

"ಬಡಿಸಿದೋರು?"

"ನಾನೊಬ್ಬನೇ."

"ಮೊದಲನೇ ಎಲೆಗೆ ಉಪ್ಪಿನಿಂದ ಮಜ್ಜಿಗೆವರೆಗೆ ಪೂರ್ತಿ ಬಡಿಸಿ, ಅವರು ಕೈ ತೊಳೆದ ಮೇಲೆ ಎರಡನೇ ಎಲೆಗೆ ಹೋದೆಯಾ?"

"ಹಾಗೆ ಮಾಡಿದ್ರೆ ಕೊನೆಯೋರಿಗೆ ಸಾಯಂಕಾಲ ಆಗ್ತಿತ್ತು. ಒಂದೊಂದು ಸೌಟು ಹಾಕ್ಕೊಂಡು ಮುಂದೆ ಹೋದೆ. ಅವರು ಕಲಸಿ ಉಣ್ಣೋ ಹೊತ್ತಿಗೆ ಮತ್ತೆ ಬಂದೆ."

"ಯಾರಾದರೂ ನನಗೆ ಬಡಿಸೋರಿಲ್ಲ ಅಂದ್ರಾ?"

"ಇಲ್ಲ."

"ಯಂತ್ರವೂ ಅಷ್ಟೇ. ಅದರ ಕೈ ನಿನಗಿಂತ ಸ್ವಲ್ಪ ಚುರುಕು."

ಇನ್ನೊಂದು ದಿನ ನದಿಯ ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತ ಕೇಳಿದ.

"ಯಂತ್ರ ಮೊದಲಿಂದ್ಲೂ ಹೀಗೇ ಎಲ್ಲರಿಗೂ ಬಡಿಸ್ತಿತ್ತಾ ಗುರುಗಳೇ?"

"ಎಲ್ಲಿ ಬಂತು. ನಾನು ಕಲಿಯೋವಾಗ ಒಂದು ಕಿಟಕಿ ಇತ್ತು. ನಮ್ಮ ಲೆಕ್ಕವನ್ನ ತೂತುಗಳಾಗಿ ಹೊಡೆದ ಕಾರ್ಡುಗಳ ಕಟ್ಟು ಹಿಡ್ಕೊಂಡು ಅದರ ಮುಂದೆ ನಿಲ್ಲೋದು. ಒಳಗಿದ್ದೋನು ಇಸ್ಕೊಂಡು, ನಾಳೆ ಬಾ ಅನ್ನೋನು. ಯಂತ್ರದ ಮುಖ ನಾವು ನೋಡಿದ್ದೇ ಇಲ್ಲ. ಮಾರನೇ ದಿನ ಹೋದ್ರೆ, ಹದಿನೇಳನೇ ಕಾರ್ಡಲ್ಲಿ ಒಂದು ಅಲ್ಪವಿರಾಮ ಬಿಟ್ಟಿದ್ದೀಯ ಅಂತ ಚೀಟಿ. ಸರಿ ಮಾಡಿ ಕೊಟ್ರೆ ಮತ್ತೆ ನಾಳೆ."

"ಆಮೇಲೆ?"

"ಯಾರೋ ಪುಣ್ಯಾತ್ಮರಿಗೆ ಹೊಳೀತು. ಮನುಷ್ಯ ಒಂದು ಸಲ ತಲೆ ಕೆರ್ಕೊಳ್ಳೋ ಹೊತ್ತಿಗೆ ಯಂತ್ರ ಸಾವಿರ ಲೆಕ್ಕ ಮಾಡುತ್ತೆ. ಅವನು ಕೆರ್ಕೊಳ್ತಾ ಇರಲಿ, ಅಲ್ಲೀವರೆಗೆ ಪಕ್ಕದೋನಿಗೆ ಬಡಿಸೋಣ ಅಂದ್ರು. ಕಿಟಕಿ ಹೋಯ್ತು, ಟರ್ಮಿನಲ್ ಬಂತು. ಒಂದೇ ಮನೇಲಿ ಹತ್ತು ಸಂಸಾರ ಸೇರಿದ ಮೇಲೆ ಗೋಡೆ ಬೇಕಲ್ಲ? ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡು, ಅವರವರ ಕಡತಕ್ಕೆ ಅವರವರ ಜಾಗ. ಒಬ್ಬರದ್ದನ್ನ ಇನ್ನೊಬ್ಬರು ಮುಟ್ಟೋ ಹಾಗಿಲ್ಲ."

"ಅಲ್ಲಿಗೆ ಎಲ್ಲಾ ಸರಿಹೋಯ್ತು."

"ಎಲ್ಲಿ ಸರಿಹೋಯ್ತು? ಈಗ ಯಾರಿಗೆ, ಆಮೇಲೆ ಯಾರಿಗೆ ಅಂತ ಹೇಳೋಕೆ ಒಬ್ಬ ಬೇಕಾದ. ಜಗಳ ಅಲ್ಲಿಂದ ಶುರು."

ಮೂರು ವರ್ಷ ಕಳೆಯಿತು. ಆ ಜಗಳದ ಕೆಲಸವನ್ನೇ ಗುರುಗಳು ಇಂದುಧರನ ತಲೆಗೆ ಕಟ್ಟಿದರು.

ಮೇಲ್ವಿಚಾರಕನ ಪಾಸ್‌ವರ್ಡನ್ನು ಅವನ ಕಿವಿಯಲ್ಲಿ ಹೇಳಿದರು. ಅದು ಗೊತ್ತಿದ್ದವನಿಗೆ ಯಂತ್ರದಲ್ಲಿ ಯಾವ ಗೋಡೆಯೂ ಇಲ್ಲ. ಯಾರ ಕೆಲಸವನ್ನು ಬೇಕಾದರೂ ಮುಂದೆ ತರಬಹುದು, ಹಿಂದೆ ತಳ್ಳಬಹುದು, ನಿಲ್ಲಿಸಿಯೂ ಬಿಡಬಹುದು.

ಪರದೆಗಳಿಗೆ ಒಂದೊಂದು ಸೌಟು ಬಡಿಸಿದರೂ, ಒಪ್ಪಿಸಿದ ಲೆಕ್ಕಗಳ ಸರದಿ ಆಗ ಸಾಗುತ್ತಿದ್ದುದು ಬಂದವರು ಬಂದ ಹಾಗೆ. ಹತ್ತು ಸಾಲು ಕೂಡಿಸಲು ಬಂದವರೂ ಮುಕ್ಕಾಲು ಗಂಟೆ ಕಾದು ಗೊಣಗುತ್ತಿದ್ದರು. ಇಂದುಧರ ಹಳೆಯ ಏರ್ಪಾಟನ್ನು ಕಿತ್ತುಹಾಕಿ, ಒಂದೇ ವಾರದಲ್ಲಿ ಹೊಸದನ್ನು ಬರೆದ. ನಿಯಮ ಒಂದೇ: ಸಣ್ಣ ಕೆಲಸ ಮೊದಲು.

ಗೊಣಗಾಟ ನಿಂತಿತು. ಜನ ಬರುವುದು, ಕೀಲಿ ಒತ್ತುವುದು, ಉತ್ತರ ತೆಗೆದುಕೊಂಡು ಹೋಗುವುದು. ಒಬ್ಬರು ಬೆಲ್ಲ ತಂದುಕೊಟ್ಟರು.

ಇಂದುಧರ ಕರಿಹಲಗೆಯ ಮೇಲೆ ಬರೆದ: ಮೊದಲು ಸರಾಸರಿ ಕಾಯುವ ಹೊತ್ತು ನಲವತ್ತು ನಿಮಿಷ, ಈಗ ಮೂರು. ಆ ಮೂರನ್ನು ಎರಡು ಸಲ ತಿದ್ದಿ ದುಂಡಗೆ ಮಾಡಿದ. ಪಾಪ, ಆ ವಯಸ್ಸಿನಲ್ಲಿ ಯಾರು ತಾನೆ ತಿದ್ದುವುದಿಲ್ಲ.

ಗುರುಗಳು ಹಲಗೆಯ ಮುಂದೆ ನಿಂತು ಓದಿದರು.

"ಸರಾಸರಿ ಅಂದ್ರೆ ಯಾರಪ್ಪ? ಇಲ್ಲಿಗೆ ಬಂದಿದ್ದನ್ನ ನಾನು ನೋಡಿಲ್ಲವಲ್ಲ."

ಗುರುಗಳಿಗೆ ಖುಷಿಯಾಗಿದೆ ಎಂದುಕೊಂಡು ಇಂದುಧರ ನಕ್ಕ.

ದಿನಾ ಬರುವವರಲ್ಲಿ ಪುಟ್ಟಮಾದಯ್ಯ ಎಂಬ ಮುದುಕರೊಬ್ಬರಿದ್ದರು. ಮೂವತ್ತೆಂಟು ವರ್ಷ ನದಿಯ ಅಳತೆಗಲ್ಲಿನ ಪಕ್ಕ ನಿಂತು, ಬೆಳಿಗ್ಗೆ ಸಂಜೆ ನೀರಿನ ಮಟ್ಟ ಬರೆದಿಟ್ಟವರು. ಕೆಲಸದಿಂದ ನಿವೃತ್ತರಾದರೂ ಆ ಪುಸ್ತಕಗಳನ್ನು ಬಿಟ್ಟಿರಲಿಲ್ಲ. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ, ಆರು ತಿಂಗಳು ಕೂತು ಎಲ್ಲವನ್ನೂ ಯಂತ್ರಕ್ಕೆ ತುಂಬಿದ್ದರು.

ಅವರಿಗೆ ಬೇಕಾಗಿದ್ದುದು ಒಂದೇ ಉತ್ತರ. ದಂಡೆಯ ತಗ್ಗಿನಲ್ಲಿ ಹರಿಗೋಲು ಹಾಕಿ ಬದುಕುವ ಇಪ್ಪತ್ತಾರು ಗುಡಿಸಲುಗಳಿದ್ದವು. ಮೇಲ್ಗಡೆ ಹೊಸ ಕಟ್ಟೆ ಕಟ್ಟಿದ ಮೇಲೆ ನದಿಯ ನಡತೆ ಬದಲಾಗಿತ್ತು, ಹಳೆಯ ಗುರುತುಗಳನ್ನು ನಂಬುವಂತಿರಲಿಲ್ಲ. ಈ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರೀತು? ಪುನರ್ವಸು ಮಳೆ ಹಿಡಿಯುವುದರೊಳಗೆ ಹೇಳಿದರೆ ಗುಡಿಸಲು ಎತ್ತಿ ದಿಬ್ಬಕ್ಕೆ ಹೋಗುತ್ತೇವೆ ಎಂದು ಅಲ್ಲಿನ ಹಿರಿಯಳು ಚೆನ್ನಾಜಮ್ಮ ಮಾತು ಕೊಟ್ಟಿದ್ದಳು. ಸುಮ್ಮಸುಮ್ಮನೆ ಎತ್ತಲು ಅವರೇನು ಹಕ್ಕಿಗಳೇ?

ಲೆಕ್ಕ ದೊಡ್ಡದು. ಯಂತ್ರಕ್ಕೇ ಹದಿನೈದು ಗಂಟೆಯ ಕೆಲಸ.

ಅದನ್ನು ಸರದಿಗೆ ಒಪ್ಪಿಸಿದ ಮೇಲೆ ಮಾದಯ್ಯ ದಿನಾ ಬೆಳಿಗ್ಗೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಯಂತ್ರದ ದೀಪಗಳು ಮಿನುಗುವುದನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗುತ್ತಿದ್ದರು. ಫ್ಯಾನಿನ ಗಾಳಿಗೆ ಬರುತ್ತಾರೆ ಎಂದು ಇಂದುಧರ ತಿಳಿದಿದ್ದ.

ಒಂದು ಮಧ್ಯಾಹ್ನ ಊಟಕ್ಕೆ ಇಪ್ಪತ್ನಾಲ್ಕು ಎಲೆ ಹಾಕಿದ್ದರು. ಗುರುಗಳು ಪಂಚೆ ಎತ್ತಿಕಟ್ಟಿಕೊಂಡು ತಾವೇ ಬಡಿಸಲು ನಿಂತರು.

"ಯಾರಿಗೆ ಎಷ್ಟು ಬೇಕು ಮೊದಲೇ ಹೇಳಿಬಿಡಿ," ಎಂದರು.

ಒಬ್ಬರು ಎರಡು ತುತ್ತು ಸಾಕೆಂದರು, ಒಬ್ಬರು ಬರೀ ಮಜ್ಜಿಗೆ ಅನ್ನ ಎಂದರು. ಬೆಳಿಗ್ಗೆಯಿಂದ ನೀರೂ ಕುಡಿಯದೆ ಯಂತ್ರದ ಮುಂದೆ ಕೂತಿದ್ದ ಇಂದುಧರ, "ನನಗೆ ಹೊಟ್ಟೆ ತುಂಬಾ ಬೇಕು ಗುರುಗಳೇ," ಎಂದ.

"ಆಗಲಿ," ಎಂದರು ಗುರುಗಳು.

ಎರಡು ತುತ್ತಿನವರಿಗೆ ಮೊದಲು ಬಡಿಸಿದರು. ಆಮೇಲೆ ಮೂರು ತುತ್ತಿನವರಿಗೆ. ಇಂದುಧರನ ಎಲೆಯ ಹತ್ತಿರ ಬರುವಷ್ಟರಲ್ಲಿ ಯಾರೋ ಉಪ್ಪು ಕೇಳಿದರು. ಗುರುಗಳು ತಿರುಗಿ ಹೋದರು. ಮತ್ತೆ ಬರುವಷ್ಟರಲ್ಲಿ ಒಬ್ಬರಿಗೆ ಒಂದು ಸೌಟು ಸಾರು, ಇನ್ನೊಬ್ಬರಿಗೆ ಒಂದು ಚೂರು ಉಪ್ಪಿನಕಾಯಿ. ಕೇಳಿದ್ದೆಲ್ಲ ಸಣ್ಣದು. ಕೇಳಿದವರಿಗೆಲ್ಲ ಗುರುಗಳು ಓಡೋಡಿ ಹೋದರು.

ಇಪ್ಪತ್ಮೂರು ಎಲೆ ಬರಿದಾದವು. ಒಂದು ಎಲೆ ಹಾಕಿದ ಹಾಗೇ ಇತ್ತು.

ಆಶ್ರಮದಲ್ಲೊಂದು ಪದ್ಧತಿ ಉಂಟು, ನಮ್ಮ ಕಡೆಯ ಎಲ್ಲ ಪಂಕ್ತಿಯಲ್ಲೂ ಉಂಟು. ಕೊನೆಯವರ ಊಟ ಮುಗಿಯದೆ ಯಾರೂ ಏಳುವಂತಿಲ್ಲ. ಇಪ್ಪತ್ಮೂರು ಜನ ಎಂಜಲು ಕೈ ಒಣಗಿಸಿಕೊಂಡು ಕೂತರು.

"ಗುರುಗಳೇ, ನನ್ನ ಎಲೆ," ಎಂದ ಇಂದುಧರ.

"ಇವತ್ತು ಬಡಿಸಿದ್ದು ಬಹಳ ಚೆನ್ನಾಗಾಯ್ತು ಕಣಯ್ಯ. ಸರಾಸರಿ ತೆಗೆದ್ರೆ ಒಬ್ಬೊಬ್ಬರು ಎರಡೇ ನಿಮಿಷ ಕಾದಿರಬಹುದು. ಹಲಗೆ ಮೇಲೆ ಬರೀತೀಯಾ?"

ಇಂದುಧರ ಎಲೆ ನೋಡಿದ. ಆಮೇಲೆ ಗುರುಗಳನ್ನು ನೋಡಿದ.

"ಬೆಳಿಗ್ಗೆ ಹೊಳೆ ಹತ್ರ ಮಾದಯ್ಯ ಸಿಕ್ಕಿದ್ದ," ಎಂದರು ಗುರುಗಳು. "ಲೆಕ್ಕ ಕೊಟ್ಟು ಎಷ್ಟು ದಿನ ಆಯ್ತಪ್ಪ ಅಂದೆ. ಹತ್ತೊಂಬತ್ತು ಅಂದ."

ಇಂದುಧರ ಎದ್ದು ನಿಲ್ಲಲು ಹೋದ.

"ಉಂಡು ಏಳು. ಪಂಕ್ತಿ ಕಾಯ್ತಿದೆ," ಎಂದು ಗುರುಗಳು ಅವನ ಎಲೆಗೆ ಅನ್ನ ಬಡಿಸಿದರು, ಹೊಟ್ಟೆ ತುಂಬುವಷ್ಟು. ಅವನು ತಲೆ ತಗ್ಗಿಸಿ ಉಂಡ.

ಕೈ ತೊಳೆದವನೇ ಯಂತ್ರದ ಮುಂದೆ ಹೋಗಿ ಸರದಿಯನ್ನು ತೆರೆದು ನೋಡಿದ. ಮಾದಯ್ಯನ ಹೆಸರು ಎಲ್ಲಕ್ಕಿಂತ ಕೆಳಗಿತ್ತು. ಹತ್ತೊಂಬತ್ತು ದಿನದಲ್ಲಿ ಆ ಕೆಲಸಕ್ಕೆ ಯಂತ್ರ ಕೊಟ್ಟ ಹೊತ್ತು ಸೊನ್ನೆ. ಒಂದು ಕ್ಷಣವೂ ಇಲ್ಲ. ರಾತ್ರಿ ಯಂತ್ರ ಆರಿಸಿಡುತ್ತಿದ್ದರು, ಹಗಲೆಲ್ಲ ಅದಕ್ಕಿಂತ ಸಣ್ಣ ಕೆಲಸವೊಂದು ಬಂದೇ ಬರುತ್ತಿತ್ತು.

ಪುನರ್ವಸು ಮಳೆಗೆ ಇನ್ನು ಎಂಟು ದಿನ.

ಇಂದುಧರ ಹಿಂದುಮುಂದು ನೋಡದೆ ಮೇಲ್ವಿಚಾರಕನ ಪಾಸ್‌ವರ್ಡ್ ಒತ್ತಿ, ನಡೆಯುತ್ತಿದ್ದ ಕೆಲಸಗಳನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿದ. ಮಾದಯ್ಯನ ಲೆಕ್ಕವನ್ನು ಮೇಲಕ್ಕೆ ತಂದು, ಯಂತ್ರವನ್ನೆಲ್ಲ ಅದಕ್ಕೇ ಕೊಟ್ಟ.

ಹನ್ನೊಂದು ಪರದೆಗಳು ಒಟ್ಟಿಗೆ ಬರಿದಾದವು.

ಕಿಟಕಿಯ ಪಕ್ಕ ಕೂತಿದ್ದ ಭಾಗೀರಥಿ ಟೀಚರ್ ಮೆಲ್ಲಗೆ, "ಅಯ್ಯೋ, ಹೋಯ್ತಲ್ಲಪ್ಪ," ಎಂದರು. ಬೆಳಿಗ್ಗೆಯಿಂದ ಎಂಬತ್ತು ಮಕ್ಕಳ ಅಂಕಗಳನ್ನು ತುಂಬುತ್ತಿದ್ದರು. ಉಳಿಸುವ ಮೊದಲೇ ಎಲ್ಲ ಅಳಿಸಿಹೋಗಿತ್ತು.

ಬಾಗಿಲಲ್ಲಿ ಗುರುಗಳು ನಿಂತಿದ್ದರು.

"ನೆಗಡಿ ಬಂತು ಅಂತ ಮೂಗು ಕುಯ್ಕೊಂಡ ಹಾಗಾಯ್ತು," ಎಂದರು. "ನಿನ್ನೆವರೆಗೆ ಎಲ್ಲರ ಸಲುವಾಗಿ ಒಬ್ಬನ್ನ ಮರೆತೆ. ಇವತ್ತು ಒಬ್ಬನ ಸಲುವಾಗಿ ಎಲ್ಲರನ್ನೂ ಮರೆತೆ."

ಇಂದುಧರನ ಕಣ್ಣು ತುಂಬಿತು. "ನನ್ನ ಕೈಲಾಗಲ್ಲ ಗುರುಗಳೇ. ಪಾಸ್‌ವರ್ಡ್ ಬದಲಾಯಿಸಿ ಬೇರೆ ಯಾರಿಗಾದ್ರೂ ಕೊಡಿ."

"ಕೊಡೋಣ. ಅದಕ್ಕೆ ಮೊದಲು ಟೀಚರ್ ಪಕ್ಕ ಕೂತು ಅವರ ಅಂಕಗಳನ್ನ ತುಂಬಿಕೊಡು. ಮೇಲ್ವಿಚಾರಕನಾಗಿ ಅಲ್ಲ. ಅವರ ಹೆಸರಲ್ಲೇ ಒಳಗೆ ಹೋಗು."

ಅವನು ಟೀಚರ ಪಕ್ಕ ಕೂತ. ಅವರು ತಮ್ಮ ಪಾಸ್‌ವರ್ಡ್ ತಾವೇ ಒತ್ತಿ ಕೀಬೋರ್ಡನ್ನು ಅವನತ್ತ ಸರಿಸಿದರು. ಮಾದಯ್ಯನ ಲೆಕ್ಕ ಯಂತ್ರವನ್ನು ತಬ್ಬಿ ಕೂತಿತ್ತು. ಇಂದುಧರ ಒಂದು ಅಂಕಿ ಒತ್ತಿದರೆ, ಅದು ಪರದೆಯ ಮೇಲೆ ಮೂಡಲು ಒಂದು ನಿಮಿಷ. ಇನ್ನೊಂದು ಒತ್ತಿದ. ಕಾದ. ಯಂತ್ರ ಕೆಟ್ಟಿದೆಯೋ, ತನ್ನನ್ನು ಮರೆತಿದೆಯೋ ಎಂದು ಪರದೆಯ ಈ ಕಡೆ ಕೂತವನಿಗೆ ತಿಳಿಯುವುದೇ ಇಲ್ಲ. ಮೇಲ್ವಿಚಾರಕನಾದ ಮೇಲೆ ಅವನು ಈ ಕಡೆ ಕೂತದ್ದು ಇದೇ ಮೊದಲು.

"ನೀವು ದಿನಾ ಹೀಗೆ ಕಾಯ್ತಿದ್ರಾ ಟೀಚರ್?"

"ಮೊದಲು ಕಾಯ್ತಿದ್ದೆ. ನೀನು ಸರಿ ಮಾಡಿದ ಮೇಲೆ ಇಲ್ಲ. ಯಾಕೆ ಸುಳ್ಳು ಹೇಳಲಿ, ನೀನು ಮಾಡಿದ್ದು ನನಗೆ ಅನುಕೂಲವೇ ಆಗಿತ್ತು."

ಹನ್ನೆರಡು ಮಕ್ಕಳ ಅಂಕ ತುಂಬುವಷ್ಟರಲ್ಲಿ ಅವನಿಗೆ ಏನೋ ಹೊಳೆಯಿತು. ಎದ್ದು ಗುರುಗಳ ಹತ್ತಿರ ಹೋದ.

"ಕೆಲಸ ಎಷ್ಟು ಸಣ್ಣದು ಅಂತ ಮಾತ್ರ ನೋಡಿದೆ. ಎಷ್ಟು ಹೊತ್ತಿಂದ ನಿಂತಿದೆ ಅಂತ ನೋಡಲೇ ಇಲ್ಲ. ಕಾದಷ್ಟೂ ಒಂದೊಂದು ಮೆಟ್ಟಿಲು ಮೇಲೆ ಬರಲಿ. ಪಾಲು ಸಿಕ್ಕಿದ ಮೇಲೆ ಮತ್ತೆ ತನ್ನ ಜಾಗಕ್ಕೆ ಇಳೀಲಿ. ಹಾಗಾದ್ರೆ ಎಂಥ ದೊಡ್ಡ ಕೆಲಸಕ್ಕೂ ಒಂದಲ್ಲ ಒಂದು ಹೊತ್ತಿಗೆ ಸರದಿ ಬಂದೇ ಬರುತ್ತೆ. ಸಣ್ಣವೂ ನಿಲ್ಲಲ್ಲ."

"ಕಾಯೋದಕ್ಕೂ ಒಂದು ಬೆಲೆ ಉಂಟು ಅಂತೀಯ."

"ಹೌದು."

"ನಾವು ಕಿಟಕಿ ಮುಂದೆ ನಿಂತು ಕಲಿತಿದ್ದನ್ನ ನೀನು ಒಂದೇ ಮಧ್ಯಾಹ್ನ ಕಲಿತೆ. ಹೋಗಿ ಬರಿ."

ಪಾಸ್‌ವರ್ಡಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಸಂಜೆಯೊಳಗೆ ಹೊಸ ನಿಯಮ ಬರೆದಾಯಿತು. ಈ ಸಲ ಎಲ್ಲರ ಪರದೆಗೂ ಮೊದಲು ಸೂಚನೆ ಹೋಯಿತು: ಹತ್ತು ನಿಮಿಷದಲ್ಲಿ ಯಂತ್ರ ನಿಲ್ಲುತ್ತದೆ, ನಿಮ್ಮ ನಿಮ್ಮ ಕೆಲಸ ಉಳಿಸಿಕೊಳ್ಳಿ. ಎಲ್ಲರೂ ಉಳಿಸಿಕೊಂಡರೋ ಎಂದು ಒಬ್ಬೊಬ್ಬರನ್ನೇ ಕೇಳಿ, ಆಮೇಲೆ ನಿಲ್ಲಿಸಿ ಮತ್ತೆ ಶುರು ಮಾಡಿದ. ಮಾದಯ್ಯನ ಲೆಕ್ಕ ಅಲ್ಲಿಯವರೆಗೆ ಮುಗಿಸಿದ್ದ ವರ್ಷಗಳ ಅಂಕಿಗಳನ್ನು ಡಿಸ್ಕಿನಲ್ಲಿ ಭದ್ರವಾಗಿಟ್ಟು, ಅದರ ಮುಂದಿನ ವರ್ಷದ ಅಂಕಿಗಳಿಂದ ಎಲ್ಲರ ನಡುವೆ ನಡೆಯತೊಡಗಿತು. ಇಂದುಧರ ಟೀಚರ ಉಳಿದ ಅಂಕಗಳನ್ನೂ ತುಂಬಿಕೊಟ್ಟ.

ಮಾರನೇ ಬೆಳಿಗ್ಗೆ ಇಂದುಧರ ನದಿಯ ಮೆಟ್ಟಿಲಿಗೆ ಹೋದ. ಪುಟ್ಟಮಾದಯ್ಯ ಅಳತೆಗಲ್ಲಿನ ಹತ್ತಿರ ಕೂತಿದ್ದರು. ಅವನು ಅವರ ಕಾಲು ಮುಟ್ಟಿದ.

"ತಪ್ಪಾಯ್ತು ಮಾದಯ್ಯನೋರೇ. ನಿಮ್ಮ ಲೆಕ್ಕವನ್ನ ಯಂತ್ರ ಇಷ್ಟು ದಿನ ಮುಟ್ಟೇ ಇರಲಿಲ್ಲ. ನಾನೇ ಕಾರಣ."

ಮಾದಯ್ಯ ಅವನ ಭುಜ ಹಿಡಿದು ಎಬ್ಬಿಸಿದರು. "ಹೌದಾ? ನಾನು ಅದು ಯೋಚನೆ ಮಾಡ್ತದೆ ಅಂದ್ಕೊಂಡಿದ್ದೆ ಕಣಪ್ಪ. ನನಗೇ ಮೂವತ್ತೆಂಟು ವರ್ಷದಲ್ಲಿ ಈ ಹೊಳೆ ಅರ್ಥ ಆಗಿಲ್ಲ, ಅದಕ್ಕೂ ಕಷ್ಟವೇ ಇರಬೇಕು ಅಂತ ಸುಮ್ಮನಿದ್ದೆ."

"ಒಂದು ಸಲ ಕೇಳಬಾರದಿತ್ತಾ?"

"ಅಷ್ಟು ಜನ ಕೂತಿರ್ತಾರೆ. ನಂದೊಬ್ಬಂದು ಎಲ್ಲಿ ಕೇಳಲಿ."

ಇಂದುಧರನಿಗೆ ಇದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನಾಲ್ಕನೇ ದಿನ ಉತ್ತರ ಬಂತು. ಗುಡಿಸಲುಗಳ ಸಾಲಿಗಿಂತ ಆಳೆತ್ತರ ಮೇಲಕ್ಕೆ, ಅಂದರೆ ದಿಬ್ಬದ ಕೆಳಗಿನ ಹುಣಸೇಮರದ ಬುಡದವರೆಗೆ ನೀರು ಏರಬಹುದು. ಮಾದಯ್ಯ ಆ ಕಾಗದ ಹಿಡಿದು ಓಡಿದರು. ಆ ವಯಸ್ಸಿನವರು ಓಡುವುದನ್ನು ಇಂದುಧರ ನೋಡಿರಲಿಲ್ಲ. ಚೆನ್ನಾಜಮ್ಮ ಕೊಟ್ಟ ಮಾತಿಗೆ ತಪ್ಪಲಿಲ್ಲ. ಸೋಗೆ, ಗಳ, ಪಾತ್ರೆ, ಕೋಳಿ, ಮಕ್ಕಳು ಎಲ್ಲವೂ ದಿಬ್ಬಕ್ಕೆ ಹೋಗಲು ಎರಡು ದಿನ ಹಿಡಿಯಿತು. ಇಂದುಧರ ಬೆನ್ನ ಮೇಲೆ ಹರಿಗೋಲು ಹೊತ್ತು ಹತ್ತಿದ.

ಪುನರ್ವಸು ಹುಟ್ಟಿದ ಮೂರನೇ ಬೆಳಿಗ್ಗೆ ಹೊಳೆ ಕೆಂಪಾಗಿ ಬಂತು.

ಗುರುಗಳೂ ಇಂದುಧರನೂ ದಿಬ್ಬದ ಮೇಲೆ ನಿಂತು ನೋಡಿದರು. ಗುಡಿಸಲುಗಳಿದ್ದ ಜಾಗದಲ್ಲಿ ನೀರು ಸುಳಿ ಸುತ್ತುತ್ತಿತ್ತು. ಹುಣಸೇಮರದ ಬುಡಕ್ಕೆ ಒಂದು ಗೇಣು ಕೆಳಗೆ ಬಂದು ನಿಂತಿತು. ಹಿಂದೆ ಚೆನ್ನಾಜಮ್ಮ ಒದ್ದೆ ಸೌದೆಗೆ ಒಲೆ ಊದುತ್ತ ಕೆಮ್ಮುತ್ತಿದ್ದಳು. ಮಕ್ಕಳು ಮಳೆಯಲ್ಲಿ ಕುಣಿಯುತ್ತಿದ್ದವು. ಮಾದಯ್ಯ ಕೊಡೆ ಹಿಡಿದು, ಹೊಸ ಪುಸ್ತಕದಲ್ಲಿ ಅಂದಿನ ಮಟ್ಟ ಬರೆದುಕೊಳ್ಳುತ್ತಿದ್ದರು.

ಇಂದುಧರ ಮಕ್ಕಳನ್ನು ಒಂದೊಂದಾಗಿ ಎಣಿಸಿದ. ನಲವತ್ತೊಂದು.

"ಗುರುಗಳೇ, ಅವತ್ತು ನೀವು ಮಾದಯ್ಯನೋರನ್ನ ಮಾತಾಡಿಸದೇ ಇದ್ದಿದ್ರೆ? ನಾನು ಇನ್ನೊಂದು ವಾರ ಸರದಿ ನೋಡದೇ ಇದ್ದಿದ್ರೆ?"

ಗುರುಗಳು ಹೊಳೆಯಿಂದ ಕಣ್ಣು ತೆಗೆದು ಅವನನ್ನು ನೋಡಿದರು.

"ಅದು ಮುಗೀತು ಬಿಡು. ಈಗ ಸರದಿಯ ಕೊನೇಲಿ ಯಾರಿದ್ದಾರೆ?"